ಸೂಜಿಯ ಕಾಲು

ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಈ ಕಾಗದದ ಮುಂದೆ ಬಹಳ ಹೊತ್ತು ಕೂತಿದ್ದೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಏನೇ ಪುಟ್ಟಿ’ ಅನ್ನುತ್ತೀಯ, ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ಕೊನೆಯವರೆಗೂ ಓದು, ಆಮೇಲೆ ಏನು ಬೇಕಾದರೂ ಅನ್ನು.

ಮೊದಲು ಸೂಜಿಯ ಕಾಲಿನ ವಿಷಯ. ಮೈದಾನದ ಓಟದಲ್ಲಿ ಅವಳು ತಿರುವಿನಲ್ಲಿ ಚೀರಿ, ಹಿಂದಿನ ಎಡಗಾಲನ್ನು ಎತ್ತಿಕೊಂಡು ನಿಂತುಬಿಟ್ಟಳು ಎಂದು ಹೇಳಿದ್ದೆನಲ್ಲ. ನಾಯಿಗಳು ಬೆನ್ನಟ್ಟಲೆಂದು ಯಂತ್ರ ಎಳೆಯುವ ಹಗ್ಗದ ತುದಿಯ ಬಟ್ಟೆ ಮುಂದೆ ಹೋಯಿತು, ಅದರ ಹಿಂದೆ ಉಳಿದ ನಾಯಿಗಳೂ ಹೋದವು, ಇವಳು ಮಾತ್ರ ಧೂಳಿನಲ್ಲಿ ನನ್ನನ್ನೇ ನೋಡುತ್ತ ನಿಂತಳು. ಪಶುವೈದ್ಯರು ಎಕ್ಸ್‌ರೇ ತೆಗೆದು ಮೂಳೆ ಗಟ್ಟಿಯಾಗಿದೆ, ವಿಶ್ರಾಂತಿ ಕೊಡಿ ಎಂದರು. ಕೊಟ್ಟೆ, ಕುಂಟು ನಿಂತಿತು. ಓಡಲು ಬಿಟ್ಟೆ, ಕುಂಟು ಮರಳಿತು. ಆಗ ಅವರೇ, ಇದು ಸ್ನಾಯುವಿನ ಕೆಲಸ, ಕೈಯಿಂದ ತಿಳಿಯಬಲ್ಲ ಒಳ್ಳೆಯ ಚಿಕಿತ್ಸಕರನ್ನು ಹುಡುಕಿ ಎಂದರು. ಹಿಂದೊಮ್ಮೆ ಅವಳ ಬಲತೊಡೆ ಹರಿದಾಗ ನೋಡಿದ್ದ ಚಿಕಿತ್ಸಕ ಊರು ಬಿಟ್ಟು ಹೋಗಿಯಾಗಿದೆ.

ನಾಯಿ ಕುಂಟುತ್ತಿದೆ ಅಂದರೆ ಸಾಕು, ಊರಿನವರೆಲ್ಲ ವೈದ್ಯರಾಗಿಬಿಡುತ್ತಾರೆ. ಮೈದಾನದಲ್ಲಿ ಎಲ್ಲರೂ ‘ಎಳೆಯೋ ಮಾಮ’ ಎಂದು ಕರೆಯುವವನೊಬ್ಬನಿದ್ದಾನೆ. ಅವಳು ನಡೆಯುವುದನ್ನು ಅವನು ನೋಡಲೂ ಇಲ್ಲ. ಕಾಲು ಹಿಡಿದು, ಬಾವಿಯಿಂದ ಕೊಡ ಸೇದುವ ಹಾಗೆ ಸೇದಿದ. ಅವಳ ಕೂಗಿಗೆ ಪಕ್ಕದ ಕಾರಿನ ಕಿಟಕಿಯಲ್ಲಿದ್ದ ನಾಯಿಗಳೆಲ್ಲ ಕೂಗಿದವು. ಆಮೇಲೆ ಗಾಜಿನ ಬಾಗಿಲಿನ ಒಂದು ದೊಡ್ಡ ಜಾಗಕ್ಕೆ ಹೋದೆ. ಕೆಂಪು ದೀಪ, ನೀಲಿ ದೀಪ, ಗುಂಯ್‌ಗುಡುವ ಪೆಟ್ಟಿಗೆ. ಕೆಲವು ಸಲ ಬಂದರೆ ಬಾಣದ ಹಾಗೆ ಓಡುತ್ತಾಳೆ ಎಂದು ಭರವಸೆ ಕೊಟ್ಟರು. ಯಾವ ಕಾಲು ಎಂದು ಕೇಳಿದ್ದು ದೀಪ ಹಚ್ಚಿದ ಮೇಲೆ. ನಾನು ಅವಳನ್ನು ಎತ್ತಿಕೊಂಡು ಬಂದೆ.

ಕೊನೆಗೆ ದಾರಿ ತೋರಿಸಿದ್ದು ನನ್ನ ಅಂಗಡಿಗೆ ಕನ್ನಡಕ ಬದಲಿಸಲು ಬಂದ ಹೆಂಗಸು. ಅವಳ ಕರಿಯ ಕೋಟಿನ ತುಂಬ ನಾಯಿಯ ಕೂದಲಿತ್ತು, ಮಾತು ತಾನಾಗಿ ಅತ್ತ ಹೊರಳಿತು. “ಒಬ್ಬಳಿದ್ದಾಳೆ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆದ್ರೆ ನಮ್ಮ ನಾಯಿ ಮತ್ತೆ ಓಡ್ತಿದೆ” ಎಂದಳು.

ಆ ಚಿಕಿತ್ಸಕಿಯ ಕೋಣೆ ಟೈರ್ ಅಂಗಡಿಯ ಮೇಲಿದೆ. ಮೇಜಿಲ್ಲ, ಯಂತ್ರವಿಲ್ಲ, ನೆಲದ ಮೇಲೆ ದಪ್ಪ ರಬ್ಬರ್ ಹಾಸು ಅಷ್ಟೆ. ವಯಸ್ಸು ನಿನ್ನಷ್ಟೇ ಇರಬಹುದು. ಮೊದಲು ಮನುಷ್ಯರ ಮೈಕೈ ನೋಡುತ್ತಿದ್ದಳಂತೆ. ನಾವು ಹೋದ ತಕ್ಷಣ ಅವಳು ಸೂಜಿಯನ್ನು ಮುಟ್ಟಲಿಲ್ಲ. ಉದ್ದನೆಯ ಪಡಸಾಲೆಯಲ್ಲಿ ನನ್ನ ಕೈಲಿ ಅವಳನ್ನು ನಿಧಾನವಾಗಿ ನಡೆಸಿಸಿದಳು, ಆಮೇಲೆ ಸ್ವಲ್ಪ ಬೇಗ, ಆಮೇಲೆ ಎಡಕ್ಕೆ, ಬಲಕ್ಕೆ, ಮೆಟ್ಟಿಲು ಹತ್ತಿಸಿ ಇಳಿಸಿ. ತಾನು ಹಿಂದಿನಿಂದ, ಪಕ್ಕದಿಂದ, ಮೊಣಕಾಲೂರಿ ನೋಡಿದಳು. ಮನೆಯ ನೆಲ ಜಾರುತ್ತದೆಯೇ, ಎಲ್ಲಿ ಮಲಗುತ್ತಾಳೆ, ಓಡುವ ಮೊದಲು ಮೈ ಬೆಚ್ಚಗೆ ಮಾಡಿಸುತ್ತೀರಾ ಎಂದೆಲ್ಲ ಕೇಳಿದಳು. ಆಮೇಲೆ ನೆಲದ ಮೇಲೆ ಕೂತು, ಸೂಜಿ ತಾನಾಗಿ ಬಂದು ಮೂಗು ತಾಗಿಸುವವರೆಗೂ ಕಾದಳು. ನನಗೆ ಆ ಕ್ಷಣದಲ್ಲೇ ಜೀವ ಹಗುರಾಯಿತು ಅಕ್ಕ. ಅಬ್ಬಾ, ಸಿಕ್ಕಳಲ್ಲ ಎನಿಸಿತು.

“ಎಡಗಾಲು, ಸೊಂಟದಿಂದ ತೊಡೆಗೆ ಇಳಿಯೋ ಸ್ನಾಯು. ಎಳೆದಿದೆ, ಹರಿದಿಲ್ಲ. ನಿಧಾನಕ್ಕೆ ಸರಿಹೋಗುತ್ತೆ” ಎಂದಳು. “ಹಳೇ ಪೆಟ್ಟು ಏನಾದ್ರೂ?”

ನಾನು ಬಲ ಒಳತೊಡೆಯ ಕಥೆಯನ್ನೆಲ್ಲ ಹೇಳಿದೆ. ಎಷ್ಟು ಊದಿತ್ತು, ಹೇಗೆ ಕಪ್ಪಾಗಿತ್ತು, ಗುಣವಾದ ಮೇಲೂ ಕಡಲೆಕಾಳಿನಂಥ ಗಂಟು ಉಳಿದದ್ದು, ನಾನೇ ದಿನಾ ಅದನ್ನು ಹೆಬ್ಬೆರಳಲ್ಲಿ ಉಜ್ಜುತ್ತಿದ್ದದ್ದು. ಅವಳ ಬೆರಳು ಬಲತೊಡೆಯ ಒಳಭಾಗಕ್ಕೆ ಹೋಯಿತು. ಮೇಲೆ, ಕೆಳಗೆ, ಮತ್ತೆ ಮೇಲೆ. ಯಾವ ಕಾಲು ಎಂದು ಇನ್ನೊಮ್ಮೆ ಕೇಳಿದಳು. ಎಡತೊಡೆಯನ್ನೂ ನೋಡಿದಳು. ಕಣ್ಣು ಮುಚ್ಚಿ ಮತ್ತೆ ಬಲಕ್ಕೆ ಬಂದಳು.

“ಈ ತೊಡೆ ಯಾವತ್ತೂ ಹರಿದಿಲ್ಲ” ಎಂದಳು.

ನಾನು ನಕ್ಕೆ. ಹರಿದಾಗ ನಾನೇ ಪಕ್ಕದಲ್ಲಿದ್ದೆ ಎಂದೆ. ಅವಳು ತಲೆಯಾಡಿಸಿದಳು. ಸ್ನಾಯು ಹರಿದು ಕೂಡಿದರೆ ಕಲೆ ಉಳಿಯುತ್ತದೆ, ಅದು ಕರಗಿ ಮಾಯವಾಗುವುದಿಲ್ಲ, ಇಲ್ಲಿ ಹುಟ್ಟಿದಾಗ ಇದ್ದಷ್ಟೇ ನುಣುಪಾಗಿದೆ ಎಂದಳು. ನನಗೆ ರೇಗಿತು. “ಗೊತ್ತಾಗ್ತಿಲ್ಲ ಅಂದ್ರೆ ಗೊತ್ತಾಗ್ತಿಲ್ಲ ಅನ್ನಿ” ಎಂದುಬಿಟ್ಟೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. “ನನ್ನ ಕೈ ತಪ್ಪಿರಬಹುದು. ಸ್ಕ್ಯಾನ್ ಮಾಡಿಸಿ. ಇಲ್ಲದ ಹಳೇ ಗಾಯ ನಂಬಿಕೊಂಡು ನಾನು ಈ ಮೈ ಮೇಲೆ ಕೆಲಸ ಮಾಡಲ್ಲ” ಎಂದಳು. ನಾನು ಪಟ್ಟಿ ಎಳೆದುಕೊಂಡು ಮೆಟ್ಟಿಲಿಳಿದೆ. ಇವಳೂ ಅದೇ ಜಾತಿ ಎಂದುಕೊಂಡೆ. ಕಾರಿನಲ್ಲಿ ಕೂತು ನಾನೇ ಆ ಗಂಟಿಗಾಗಿ ತಡಕಿದೆ. ಸಿಗಲಿಲ್ಲ. ನನ್ನ ಎದೆಯ ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದ ಮೇಲೆ ನಾನು ಅದನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಎದೆಯ ಹೊಲಿಗೆ ಬಿಗಿಯುತ್ತಿದ್ದ ಕಾಲ ಅದು, ಬಗ್ಗಲು ಆಗುತ್ತಿರಲಿಲ್ಲ. ಆಮೇಲೆ ಮರೆತೇಹೋಗಿತ್ತು.

ಸ್ಕ್ಯಾನ್ ಮಾಡಿಸಿದೆ. ಪಶುವೈದ್ಯರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ತೊಡೆ ಶುದ್ಧವಾಗಿದೆ, ಹಿಂದಿನವರು ಏನೋ ತಪ್ಪು ತಿಳಿದಿರಬೇಕು ಎಂದರು. ನಾನೂ ಅದನ್ನೇ ಹಿಡಿದುಕೊಂಡೆ. ಚಿಕಿತ್ಸಕಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವಳು, ಸೂಜಿಯ ಒಡಹುಟ್ಟಿದ ಮರಿಗಳಿಗೂ ಇಂಥ ಎಳೆತ ಬಂದಿತ್ತೇ, ಮರಿ ಕೊಟ್ಟ ಸಾಕಣೆಯವರನ್ನು ಕೇಳಿ ಬನ್ನಿ, ನಾಯಿಯನ್ನೂ ಕರೆದುಕೊಂಡು ಹೋಗಿ ಎಂದಳು. ಅವಳಿಗೆ ಆಗಲೇ ಅನುಮಾನ ಬಂದಿತ್ತೋ ಏನೋ, ನಾನು ಕೇಳಿಲ್ಲ.

ಮೊನ್ನೆ ಹೋದೆ. ನಿನಗೆ ಆ ಮನೆ ಗೊತ್ತು. ಯಜಮಾನರು ಇರಲಿಲ್ಲ. ಅವರ ಹೆಂಡತಿ ವರಾಂಡದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಆ ಮರಿಗಳಿಗೆಲ್ಲ ಹೆಸರಿಟ್ಟವರು ಅವರೇ, ಸೂಜಿ, ಕತ್ತರಿ, ಅಂಚು, ಹೀಗೆ. ನಾನು ಗೇಟು ದಾಟುವಷ್ಟರಲ್ಲಿ ಅವರು ತಲೆಯೆತ್ತಿ, ನನ್ನನ್ನಲ್ಲ, ನಾಯಿಯನ್ನು ನೋಡಿ ಕರೆದರು:

“ದಾರಾ! ಬಾರೆ ನನ್ನ ಬಂಗಾರಿ.”

ಅಕ್ಕ, ಅವಳು ಹೋದಳು. ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡು, ಮೂರೇ ಕಾಲಲ್ಲಿ, ಆ ಹೆಂಗಸಿನ ಮಡಿಲಿಗೆ ತಲೆ ಹಾಕಿ, ಹೊಟ್ಟೆಯೊಳಗಿಂದ ಒಂದು ಸದ್ದು ಮಾಡಿದಳು. ಅಂಥ ಸದ್ದನ್ನು ನಾನು ಅವಳಿಂದ ಕೇಳಿಯೇ ಇರಲಿಲ್ಲ. ನಾನು ಅಲ್ಲೇ ನಿಂತೆ. ಆಕೆ ಅವಳ ಕಿವಿ ಕೆರೆಯುತ್ತ, “ನಿಮ್ಮ ಅಕ್ಕ ಹೇಗಿದ್ದಾರೆ? ಅವತ್ತು ಇವಳನ್ನ ಕರ್ಕೊಂಡು ಹೋಗುವಾಗ ಎಷ್ಟು ಅತ್ತರು, ಪಾಪ. ಸೂಜಿಯ ಹಿಂದೆ ದಾರ ಅಂತ ನಾನೇ ಸಮಾಧಾನ ಮಾಡಿ ಕಳಿಸಿದ್ದೆ” ಎಂದರು. ಆಮೇಲೆ ನನ್ನ ಮುಖ ನೋಡಿದರು. ಅವರ ಕೈ ನಾಯಿಯ ತಲೆಯ ಮೇಲೇ ನಿಂತುಹೋಯಿತು. “ಅಯ್ಯೋ, ನಿಮಗೆ ಹೇಳಿಲ್ವಾ” ಎಂದರು.

ನೀರು ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ. ಕಾರನ್ನು ಹೇಗೆ ಓಡಿಸಿಕೊಂಡು ಬಂದೆ ಎಂಬುದೂ ನೆನಪಿಲ್ಲ. ಹಿಂದಿನ ಸೀಟಿನಲ್ಲಿದ್ದವಳನ್ನು ಕನ್ನಡಿಯಲ್ಲಿ ನೋಡುವುದಕ್ಕೆ ಹೆದರಿಕೆಯಾಗುತ್ತಿತ್ತು. ಅದೇ ಬೂದು ಬಣ್ಣ, ಎದೆಯ ಮೇಲೆ ಅದೇ ಬಿಳಿ. ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು, ನನ್ನ ಮನೆಯ ನಾಯಿಯನ್ನು ಗುರುತಿಸಲಿಲ್ಲ.

ಮನೆಯಲ್ಲಿ ಇವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಬಾಗಿಲಲ್ಲೇ ನಿಂತು, “ಇವಳ ಹೆಸರೇನು?” ಎಂದು ಕೇಳಿದೆ. ಇವರು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ, ಸ್ವಿಚ್ ಆರಿಸಿ, ಕುರ್ಚಿಯ ಮೇಲೆ ಕೂತರು. ಅಷ್ಟರಲ್ಲೇ ತಿಳಿಯಿತು, ಇವರಿಗೂ ಗೊತ್ತಿತ್ತು.

ಉಳಿದದ್ದನ್ನು ಹೇಳಿದ್ದು ಇವರೇ. ನನ್ನ ಎದೆಯ ಗಾಯಕ್ಕೆ ಸೋಂಕು ತಗಲಿ ಎರಡನೆಯ ಸಲ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದ ದಿನ ಅದು. ನೀನು ಸೂಜಿಯನ್ನು ಬೀದಿಯಲ್ಲಿ ನಡೆಸುತ್ತಿದ್ದೆ. ಆಸ್ಪತ್ರೆಯಿಂದ ಫೋನ್ ಬಂತು. ಬೇಗ ಬನ್ನಿ ಎಂದರಂತೆ. ಪಟ್ಟಿ ನಿನ್ನ ಕೈಯಿಂದ ಜಾರಿತು. ಬೀದಿಯಾಚೆ ಬೆಕ್ಕೊಂದು ಓಡಿತು, ಓಟದ ನಾಯಿಗೆ ಇನ್ನೇನು ಬೇಕು. ವ್ಯಾನಿನವನು ಬ್ರೇಕ್ ಹಾಕಿದ್ದನಂತೆ. ನೀನು ಅವಳನ್ನು ಸ್ವೆಟರಿನಲ್ಲಿ ಸುತ್ತಿ ಕಾರಿನಲ್ಲಿ ಮಲಗಿಸಿ, ಅದೇ ಕಾರಿನಲ್ಲಿ ಆಸ್ಪತ್ರೆಗೆ ಬಂದು, ಕೈ ತೊಳೆದುಕೊಂಡು ನನ್ನ ಬಾಗಿಲಾಚೆ ಕೂತಿದ್ದೆಯಂತೆ. ನನಗೆ ಎಚ್ಚರವಾದಾಗ ನಾನು ಮೊದಲು ಕೇಳಿದ್ದು ಅವಳನ್ನೇ. ಚೆನ್ನಾಗಿದ್ದಾಳೆ, ನಿನ್ನನ್ನು ಕಾಯುತ್ತಿದ್ದಾಳೆ ಎಂದೆ ನೀನು. ಆ ಮಾತು ನನಗೆ ನೆನಪಿದೆ. ಆಮೇಲೆ ನೀನೇ ಹೋಗಿ ಸೂಜಿಯ ಒಡಹುಟ್ಟಿದ ಇವಳನ್ನು ತಂದು, ನಾನು ಮನೆಗೆ ಬರುವವರೆಗೂ ಸಾಕಿದೆಯಂತೆ.

“ಆವಾಗ ನಿನಗೆ ಯಾರು ಹೇಳಬೇಕಿತ್ತು? ನಾನಾ? ನೀನು ಒಂದು ಚಮಚ ಗಂಜಿಯನ್ನೂ ಅವಳ ಹೆಸರು ಹೇಳಿದ್ರೆ ಮಾತ್ರ ನುಂಗ್ತಿದ್ದೆ” ಎಂದರು ಇವರು. ಆಮೇಲೆ ಹೇಳಬೇಕೆಂದು ನೀವಿಬ್ಬರೂ ಎಷ್ಟೋ ಸಲ ನಿಶ್ಚಯ ಮಾಡಿದ್ದಿರಂತೆ. ಪ್ರತಿ ಸಲವೂ ನಾನು ಅವಳ ಜೊತೆ ನೆಲದ ಮೇಲೆ ಮಲಗಿರುತ್ತಿದ್ದೆನಂತೆ.

ಇದನ್ನೆಲ್ಲ ಅರ್ಥಮಾಡಿಕೊಳ್ಳಲು ನನಗೆ ಆಗುತ್ತದೆ. ಅದೇ ನನ್ನ ಕಷ್ಟ. ಅರ್ಥವಾದಷ್ಟೂ ಮೈಯೆಲ್ಲ ಮರಗಟ್ಟುತ್ತದೆ. ನನ್ನ ಸೂಜಿ ಸತ್ತು ಎಷ್ಟು ಕಾಲವಾಯಿತು, ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅವಳು ಮಣ್ಣಿನಲ್ಲಿದ್ದಾಗ ನಾನು ಅವಳಿಗೆ ಹೊಸ ಹಾಸಿಗೆ ಆರಿಸುತ್ತಿದ್ದೆ.

ಇನ್ನೊಂದು ಮಾತು, ಇದನ್ನು ಇವರಿಗೂ ಹೇಳಿಲ್ಲ. ಸೂಜಿ ನನ್ನನ್ನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ನಿನಗೂ ಗೊತ್ತು. ಬಾಗಿಲ ಬಳಿ ಬೆನ್ನು ತಿರುಗಿಸಿ ಮಲಗುತ್ತಿದ್ದಳು, ಕೈಯಿಂದ ಕೊಟ್ಟದ್ದನ್ನು ಮೂಸಿ ನೋಡಿ ಬಿಡುತ್ತಿದ್ದಳು. ನಾನು ಆಸ್ಪತ್ರೆಯಿಂದ ಬಂದ ಮೇಲೆ ನೆರಳಿನ ಹಾಗೆ ಹಿಂದೆಯೇ ಬರತೊಡಗಿದಳು, ಸ್ನಾನಕ್ಕೆ ಹೋದರೂ ಬಾಗಿಲಲ್ಲೇ ಕಾಯುತ್ತಿದ್ದಳು. ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ, ಸಾವಿನ ಮನೆ ಬಾಗಿಲು ತಟ್ಟಿ ಬಂದ ಮೇಲೆ ನಾಯಿಗೂ ನನ್ನ ಬೆಲೆ ತಿಳಿಯಿತು ಎಂದು. ತಿಳಿದದ್ದು ಬೇರೆ ನಾಯಿಗೆ. ಸೂಜಿ ಕೊನೆಯವರೆಗೂ ಹಾಗೆಯೇ ಇದ್ದು ಹೋದಳು. ಅವಳಿಗಾಗಿ ಅಳಲು ಕೂತರೆ ಇವಳು ಬಂದು ನನ್ನ ಮೊಣಕಾಲ ಮೇಲೆ ಗಲ್ಲ ಇಡುತ್ತಾಳೆ. ನಾನು ತಳ್ಳುವುದಿಲ್ಲ. ತಳ್ಳದ ನನ್ನ ಕೈಯನ್ನು ನೋಡಿ ನನಗೇ ಗಾಬರಿಯಾಗುತ್ತದೆ.

ನಿನ್ನೆ ಚಿಕಿತ್ಸಕಿಯ ಹತ್ತಿರ ಮತ್ತೆ ಹೋದೆ. ಎಲ್ಲ ಹೇಳಿದೆ. ಅವಳು ಅಯ್ಯೋ ಎನ್ನಲಿಲ್ಲ, ಸಮಾಧಾನ ಮಾಡಲಿಲ್ಲ. ರಬ್ಬರ್ ಹಾಸಿನ ಮೇಲೆ ನನಗೂ ಜಾಗ ತೋರಿಸಿದಳು. ಅವಳ ಬೆರಳು ಆ ಎಡ ಸೊಂಟದ ಮೇಲೆ ನಿಧಾನವಾಗಿ ಒತ್ತುತ್ತ, ಕಾಯುತ್ತ, ಬಿಡುತ್ತ ಹೋಯಿತು. ನಾಯಿ ಒಂದು ದೊಡ್ಡ ಉಸಿರು ಬಿಟ್ಟು ಪಕ್ಕಕ್ಕೆ ಒರಗಿತು. “ಇವಳ ಮೈಯಲ್ಲಿ ಇವಳದ್ದೇ ನೋವಿದೆ. ಅದನ್ನ ನೋಡೋಣ” ಎಂದಳು. ನಾನು ಆಗ ಅತ್ತೆ. ಯಾರಿಗಾಗಿ ಎಂದು ಕೇಳಬೇಡ.

ಸೂಜಿಯನ್ನು ಎಲ್ಲಿ ಮಣ್ಣು ಮಾಡಿದೆ ಎಂದು ಒಂದು ಸಾಲು ಬರೆದು ಕಳಿಸು. ಇವರಿಗೆ ಗೊತ್ತಿಲ್ಲವಂತೆ, ನೀನೊಬ್ಬಳೇ ಹೋಗಿದ್ದೆಯಂತೆ. ಸದ್ಯಕ್ಕೆ ಬರಬೇಡ, ಫೋನೂ ಮಾಡಬೇಡ. ನಿನ್ನ ಮೇಲೆ ಸಿಟ್ಟಿದೆ. ಅದು ಎಷ್ಟು ದೊಡ್ಡದೆಂದು ನನಗೇ ಇನ್ನೂ ಗೊತ್ತಿಲ್ಲ.

ಇಂತು,
ನಿನ್ನ ತಂಗಿ

ಬರೆದು ಮುಗಿಸಿದ ಮೇಲೆ: ಚಿಕಿತ್ಸಕಿ ಒಂದು ವ್ಯಾಯಾಮ ಹೇಳಿದ್ದಾಳೆ. ಹೊಟ್ಟೆಯ ಕೆಳಗೆ ಅಗಲವಾದ ಬಟ್ಟೆ ಹಾಕಿ ಒಬ್ಬರು ಹಿಂದಿನಿಂದ ಭಾರ ಹಿಡಿಯಬೇಕು, ಇನ್ನೊಬ್ಬರು ಮುಂದೆ ನಿಂತು ಕರೆಯಬೇಕು. ಇವರು ಕರೆದರೆ ಅವಳು ಬರುವುದಿಲ್ಲ, ಮಾತ್ರೆ ನುಂಗಿಸುವವರು ಇವರೇ ನೋಡು. ಇವತ್ತು ಬೆಳಿಗ್ಗೆ ನಿನ್ನ ಹಳೆಯ ಧ್ವನಿ ಸಂದೇಶವೊಂದನ್ನು ಹಾಕಿ ನೋಡಿದೆ. ಎದ್ದು ನಿಂತು, ನಾಲ್ಕೂ ಕಾಲೂರಿ, ಬಾಗಿಲ ಕಡೆ ಹೊರಟಳು. ಮೇಲೆ ಬರಬೇಡ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕುವುದಿಲ್ಲ. ಬುಧವಾರ ಸಂಜೆ ಬಾ. ನಾವಿಬ್ಬರೂ ಮಾತಾಡಲೇಬೇಕೆಂದಿಲ್ಲ. ನೀನು ಅವಳನ್ನು ಕರೆದರೆ ಸಾಕು.