ತಟ್ಟೆ ನೋಡಬಾರದಂತೆ

ಮಾರ್ಚ್ 9, ಭಾನುವಾರ

ಪ್ರೀತಿಯ ತಂಗಿಗೆ,

ನಿನ್ನ ಎರಡೂ ಕಾಗದ ತಲುಪಿದವು. ಲಾಂಡ್ರಿಯ ಬಾಯ್ಲರ್ ಕೆಟ್ಟಿತ್ತು, ಅದಕ್ಕೇ ಉತ್ತರ ತಡವಾಯಿತು ಎಂದು ನೆಪ ಹೇಳಬಹುದು. ಬಾಯ್ಲರ್ ಕೆಟ್ಟಿದ್ದು ನಿಜ, ಆದರೆ ಕಾರಣ ಅದಲ್ಲ, ಕೋಪ. ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಈಗ ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದೇನೆ, ಸಹಿಸಿಕೋ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿ ಏನೂ ಆಗುವುದಿಲ್ಲ, ಮಾತು ಮಾತಿಗೆ ಮಹಡಿ ಹತ್ತುವುದನ್ನು ನಿಲ್ಲಿಸು.

ವಿಷಯ ನನ್ನ ಮಗಳದು. ಅವಳು ಮನೆ ಬಿಟ್ಟು ಹೋಗುತ್ತಾಳಂತೆ. ಮದುವೆಯಾಗಿ ಅಲ್ಲ, ದೂರದ ಊರಿಗೂ ಅಲ್ಲ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತಾನು ಕೆಲಸ ಮಾಡುವ ಆ ಕೇಂದ್ರದಲ್ಲೇ ಒಂದು ಕೋಣೆ ಕೊಡುತ್ತಾರಂತೆ, ಮುಂದಿನ ತಿಂಗಳ ಮೊದಲನೇ ತಾರೀಖಿನಿಂದ ಅಲ್ಲೇ ಇರುತ್ತಾಳಂತೆ.

ಅವಳ ಕೆಲಸ ಏನು ಎಂದು ನೀನು ಕೇಳಿದ್ದೆ. ನಾನೂ ತುಂಬಾ ದಿನ ಕೇಳಿಕೊಂಡೆ. ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಅವಳಿಗೆ ಬಂದಿತ್ತಲ್ಲ, ಅನ್ನ ಕಂಡರೆ ಹೆದರುವ ಕಾಯಿಲೆ, ಅದೇ ಬಂದವರು ಅಲ್ಲಿಗೆ ಬರುತ್ತಾರೆ. ಕೆಲವರು ಉಪವಾಸ ಬೀಳುವವರು, ಕೆಲವರು ತಿಂದು ಕಕ್ಕುವವರು. ಇವಳು ಊಟದ ಹೊತ್ತಿಗೆ ಅವರ ಪಕ್ಕ ಕೂತು, ಅವರ ತಟ್ಟೆಯಲ್ಲಿ ಇರುವುದನ್ನೇ ತಾನೂ ಹಾಕಿಸಿಕೊಂಡು, ಅವರ ಜೊತೆಜೊತೆಗೇ ಉಣ್ಣಬೇಕು. ಕಾಯಿಲೆಯಿಂದ ಎದ್ದವಳು, ಏಳುತ್ತಿರುವವರಿಗೆ ಜೊತೆ. ಇದಕ್ಕೆ ತರಬೇತಿ, ಪರೀಕ್ಷೆ, ಸಂಬಳ ಎಲ್ಲಾ ಉಂಟು. ಬೆಂಕಿಯಿಂದ ಈಚೆ ಎಳೆದು ತಂದ ಮಗು ದಿನಾ ಹೋಗಿ ಒಲೆಯ ಮುಂದೆ ಕೂರುತ್ತೇನೆ ಎಂದರೆ ಯಾವ ತಾಯಿಗೆ ನಿದ್ದೆ ಬರುತ್ತದೆ? ಲಾಂಡ್ರಿಯ ಕೌಂಟರ್ ನೋಡಿಕೋ, ನಾಳೆ ನಿನ್ನದೇ ಎಂದೆ. "ನಂಗೆ ಬಟ್ಟೆ ಬೇಡಮ್ಮಾ, ಮನುಷ್ಯರು ಬೇಕು" ಎಂದಳು. ನಾನು ಮೂವತ್ತು ವರ್ಷ ಒಗೆದದ್ದು ಯಾರ ಬಟ್ಟೆ, ಮರಗಳದ್ದೇ?

ಕಳೆದ ತಿಂಗಳು ಅಲ್ಲಿ ಕೆಲಸ ಮಾಡುವವರ ಮನೆಯವರನ್ನೆಲ್ಲ ಒಂದು ಶನಿವಾರ ಚಹಾಕ್ಕೆ ಕರೆದಿದ್ದರು. ಹೋದೆ. ಔಷಧಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಕೆಳಗೇ ನನ್ನ ಮಗಳು ನನಗೆ ಪಾಠ ಶುರುಮಾಡಿದಳು.

"ಅಮ್ಮಾ, ಮೇಲೆ ಯಾರಿಗೂ ತಿನ್ನು ಅನ್ನಬಾರದು. ತಟ್ಟೆ ನೋಡಬಾರದು. ಯಾರ ಮೈ ಬಗ್ಗೆನೂ ಮಾತಾಡಬಾರದು. ಹೊಗಳೋದೂ ಬೇಡ."

"ಹೊಗಳಿದ್ರೆ ಏನೇ ಪಾಪ?"

"ಬೇಡ ಅಂದ್ರೆ ಬೇಡ."

"ಹಾಗಾದ್ರೆ ಒಂದು ಬಟ್ಟೆ ಕೊಡು, ಕಣ್ಣು ಕಟ್ಕೊಂಡು ಕೂರ್ತೀನಿ."

ನಗಲಿಲ್ಲ. ಅವಳಿಗೆ ಇತ್ತೀಚೆಗೆ ನನ್ನ ಯಾವ ಮಾತಿಗೂ ನಗು ಬರುವುದಿಲ್ಲ.

ಒಂದು ಉದ್ದನೆಯ ಮೇಜು. ಗಡಿಯಾರ ಬೇಕೆಂದೇ ಉಣ್ಣುವವರ ಬೆನ್ನ ಹಿಂದಿನ ಗೋಡೆಯಲ್ಲಿ. ನನ್ನ ಮಗಳ ಪಕ್ಕ ಉಣ್ಣೆಯ ಟೋಪಿ ಹಾಕಿದ ಒಂದು ಹುಡುಗಿ ಕೂತಿತ್ತು. ಸೆಕೆಯಲ್ಲಿ ಟೋಪಿ! ಮೈಯಲ್ಲಿ ಏನೂ ಇಲ್ಲದಿದ್ದರೆ ಚಳಿ ಬಿಡುವುದಿಲ್ಲ, ನನಗೆ ಗೊತ್ತು. ಅದರ ಮುಂದೆ ಬೆಣ್ಣೆ ಸವರಿದ ಬ್ರೆಡ್ಡು, ಬಾಳೆಹಣ್ಣು. ಇವಳ ಮುಂದೆಯೂ ಅದೇ. ಯಾರೂ ಊಟದ ಸುದ್ದಿ ಎತ್ತುವುದಿಲ್ಲ. ಬೆಕ್ಕಿನ ಸುದ್ದಿ, ಬಸ್ಸಿನ ಸುದ್ದಿ. ನಾನೂ ಬಾಯಿಗೆ ಬೀಗ ಹಾಕಿ ಕೂತೆ. ಕೊನೆಗೆ ಆ ಟೋಪಿ ಹುಡುಗಿಯೇ, "ಅಜ್ಜೀ, ನಿಮ್ಮದು ಲಾಂಡ್ರಿಯಂತೆ. ಬಿಳೀ ಅಂಗಿ ಮೇಲಿನ ಶಾಯಿ ಹೋಗುತ್ತಾ?" ಎಂದು ಕೇಳಿತು.

"ಬೇಗ ತಂದ್ರೆ ಹೋಗುತ್ತೆ. ಬಿಸಿನೀರಿಗೆ ಹಾಕಿ ಆಮೇಲೆ ನನ್ನ ಹತ್ರ ಅಳ್ತಾ ಬಂದ್ರೆ, ಅಂಗಿಗೆ ಶಾಯಿ ಬಣ್ಣನೇ ಹಾಕಿಸ್ಕೋ ಅಂತೀನಿ."

ಅದು ನಕ್ಕಿತು. ನಾನು ಸಾರಿನ ಕಲೆ, ಗ್ರೀಸು, ಮದುಮಗನ ಕೋಟಿನ ಜೇಬಿನಲ್ಲಿ ಸಿಕ್ಕಿದ ಇನ್ನೊಬ್ಬಳ ಓಲೆ, ಎಲ್ಲಾ ಹೇಳಿದೆ. ಕೇಳುತ್ತಾ ಕೇಳುತ್ತಾ ಹುಡುಗಿ ಬ್ರೆಡ್ಡು ಮುಗಿಸಿತು. ನಾನು ತಟ್ಟೆ ನೋಡಲಿಲ್ಲ, ಆದರೆ ಕಂಡಿತು. ಕಣ್ಣಿಗೆ ಏನು ಮಾಡಲಿ?

ಹೊರಡುವಾಗ ಮೆಟ್ಟಿಲ ಹತ್ತಿರ ಅದು ಕೈಮುಗಿಯಿತು. ನಾನು ಅದರ ಕೆನ್ನೆ ಮುಟ್ಟಿ, "ನಗೋವಾಗ ಎಷ್ಟು ಕಳೆ ಬರುತ್ತೆ ನೋಡು ಮುಖಕ್ಕೆ. ಇನ್ನೊಂಚೂರು ಮೈಕೈ ತುಂಬ್ಕೊಂಡ್ರೆ ದೃಷ್ಟಿ ಆಗುತ್ತೆ ಕಣೇ" ಎಂದೆ. ಇದಕ್ಕಿಂತ ಒಳ್ಳೆಯ ಮಾತು ನಮ್ಮ ಬಾಯಲ್ಲಿ ಇದೆಯೇ, ನೀನೇ ಹೇಳು. ಬಾಣಂತನ ಮುಗಿಸಿ ಹೊರಟ ಮಗಳಿಗೆ, ಜ್ವರದಿಂದ ಎದ್ದ ಸೊಸೆಗೆ ಇದನ್ನೇ ಅಲ್ಲವೇ ಹೇಳಿಕೊಂಡು ಬಂದದ್ದು?

ಆ ಮಗುವಿನ ಮುಖ ಅಂಗಡಿಯ ಷಟರ್ ಎಳೆದ ಹಾಗೆ ಮುಚ್ಚಿಹೋಯಿತು.

ಸೋಮವಾರ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. ಹುಡುಗಿ ಅವತ್ತಿನಿಂದ ನೀರು ಬಿಟ್ಟು ಏನೂ ಮುಟ್ಟಿಲ್ಲವಂತೆ. ಕೈ ಸುತ್ತಳತೆ ಬೆರಳಲ್ಲಿ ಹಿಡಿದು ನೋಡಿಕೊಳ್ಳುತ್ತಾ ಕೂತಿದೆಯಂತೆ.

"ಅವಳು ಆ ಬ್ರೆಡ್ ತಿನ್ನೋಕೆ ನಾವು ಎಷ್ಟು ವಾರ ಒದ್ದಾಡಿದ್ವಿ ಗೊತ್ತಾ ಅಮ್ಮಾ?"

"ನಾನೇನು ಶಾಪ ಹಾಕಿದ್ನಾ? ಒಳ್ಳೇ ಮಾತೇ ಆಡಿದ್ದು."

"ಒಳ್ಳೇ ಮಾತೇ. ಆ ಕಾಯಿಲೆಗೆ ಅಂಥ ಮಾತೇ ಬೇಕು. ಮೈ ಬಂತು ಅಂತ ಯಾರಾದ್ರೂ ಅನ್ಲಿ ಅಂತ ಕಾಯ್ತಾ ಇರುತ್ತೆ."

ಆಗ ನಾನು ಬಿಡಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದೆ. ಕಂಡವರ ಪಕ್ಕ ಕೂತು ಹೊಟ್ಟೆ ತುಂಬಾ ಉಣ್ಣುವವಳು, ಮನೆಯಲ್ಲಿ ಮಾತ್ರ ನಾನು ಅಡುಗೆಮನೆಯಿಂದ ಆಚೆ ಹೋಗಲಿ ಎಂದು ಕಾಯುತ್ತೀಯಲ್ಲ ಎಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಮೆಲ್ಲಗೆ, "ಇಲ್ಲಿ ತಟ್ಟೆ ಮುಂದೆ ಕೂತ್ರೆ ನನ್ನ ಕಿವಿ ನಿನ್ನ ಕಡೆನೇ ಇರುತ್ತಮ್ಮಾ. ಅದಕ್ಕೇ ಹೋಗ್ತೀನಿ" ಎಂದು ಹೇಳಿ ಕೋಣೆಗೆ ಹೋದಳು. ನನ್ನ ದೊಡ್ಡವನು, ಯಾವತ್ತೂ ಬಾಯಿ ಬಿಡದವನು, ಪೇಪರಿನ ಹಿಂದಿನಿಂದ, "ಹೋಗ್ಲಿ ಬಿಡಮ್ಮಾ" ಎಂದ. ಯಾರು ಹೋಗಲಿ, ಏನನ್ನು ಬಿಡಲಿ ಎಂದು ಕೇಳಿದರೆ ಪೇಪರು ಇನ್ನಷ್ಟು ಮೇಲೇರಿತು.

ಟೋಪಿ ಹುಡುಗಿ ಈ ವಾರ ಮತ್ತೆ ಸ್ವಲ್ಪ ತಿನ್ನುತ್ತಿದೆಯಂತೆ. ನಾನು ಕೇಳಿದ್ದಕ್ಕೆ ಅಷ್ಟು ಹೇಳಿದಳು. ಕ್ಷಮೆ ಕೇಳಲು ಬರಲೇ ಎಂದರೆ, ಬೇಡ, ನೀನು ಅಲ್ಲಿಗೆ ಬರುವುದೇ ಬೇಡ ಎಂದಳು. ನನ್ನನ್ನು ಯಾರೂ ಯಾವ ಬಾಗಿಲಿಂದಲೂ ಹೀಗೆ ಹೊರಗಿಟ್ಟಿರಲಿಲ್ಲ.

ನೀನು ಒಂದು ಕೆಲಸ ಮಾಡಬೇಕು. ಅವಳು ಚಿಕ್ಕಮ್ಮನ ಮಾತು ಕೇಳುತ್ತಾಳೆ. ನಾನು ಹೇಳಿದೆ ಎನ್ನದೆ ನೀನಾಗಿಯೇ ಬರೆ. ಕೆಲಸ ಬೇಕಾದರೆ ಮಾಡಿಕೊಳ್ಳಲಿ, ಮನೆ ಬಿಡುವುದು ಬೇಡ ಎನ್ನು. ಅವಳು ಉಣ್ಣುವಾಗ ನಾನು ಲಾಂಡ್ರಿಯಲ್ಲೇ ಇರುತ್ತೇನೆ, ಇಷ್ಟಕ್ಕೆ ಒಪ್ಪಿದ್ದೇನೆ. ಇದನ್ನು ನಾನೇ ಅವಳಿಗೆ ಹೇಳುವಷ್ಟು ಇನ್ನೂ ಬಗ್ಗಿಲ್ಲ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಕ್ಕಳೆಲ್ಲ ಗಟ್ಟಿಯಾಗಿ, ಮಾತು ಕೇಳಿಕೊಂಡು ಬಾಳಲಿ ಎಂದು ಹರಸುವ,

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅವತ್ತು ಚಹಾ ಮುಗಿದ ಮೇಲೆ ನಾನು ಗೋಡೆಯ ಆಚೆ ಲೋಟ ತೊಳೆಯುತ್ತಿದ್ದೆ. ಟೋಪಿ ಹುಡುಗಿ ನನ್ನ ಮಗಳನ್ನು, "ನಿಮ್ಗೆ ಹುಷಾರಿಲ್ದಾಗ ಯಾರು ಕೂತಿದ್ರು ಅಕ್ಕಾ, ಜೊತೆಗೆ?" ಎಂದು ಕೇಳಿತು. ಇವಳು, "ಯಾರೂ ಇರ್ಲಿಲ್ಲ" ಎಂದಳು. ಒಂದು ಗಳಿಗೆ ಯೋಚನೆ ಕೂಡ ಮಾಡಲಿಲ್ಲ. ಎರಡು ವರ್ಷ ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಅವಳ ಎದುರು ಕೂತಿದ್ದೆ. ಒಂದು ತುತ್ತು ಇಳಿಯುವವರೆಗೂ ರೆಪ್ಪೆ ಮುಚ್ಚಲಿಲ್ಲ. ಆಗ ನೀನೂ ಬಂದು ತಿಂಗಳುಗಟ್ಟಲೆ ಇದ್ದೆ, ನಿನ್ನ ಕಣ್ಣಾರೆ ನೋಡಿದ್ದೀಯ. ಅವಳಿಗೆ ಏನು ಬೇಕಾದರೂ ಬರೆದುಕೋ. ನನಗೆ ಮಾತ್ರ ಒಂದೇ ಒಂದು ಸಾಲು ಬರೆ ತಂಗೀ, ನಾನು ಅಲ್ಲಿ ಇದ್ದೆ ಎಂದು.