ನಗುತ್ತಾ ಬೀಳ್ಕೊಡುವ ಹಾಡುಗಳು

ವುಡ್‌ಲ್ಯಾಂಡ್ ಹಿಲ್ಸ್, ಲಾಸ್ ಏಂಜಲೀಸ್
೧೮ ಮೇ ೨೦೨೫

ಪ್ರೀತಿಯ ದೊಡ್ಡಮ್ಮನಿಗೆ,

ನಿಮ್ಮ ಸಿಂಧೂರಳ ನಮಸ್ಕಾರ, ಅದರ ಜೊತೆಗೊಂದು ಗಟ್ಟಿ ಅಪ್ಪುಗೆ! ದಯವಿಟ್ಟು ಬೈಯಬೇಡಿ. ಮದುವೆ ಮುಗಿಸಿಕೊಂಡು ಬಂದ ಮೇಲೆ ಇದೇ ಮೊದಲ ಪತ್ರ ಎನ್ನುವುದು ನನಗೂ ಗೊತ್ತು. ವಾಟ್ಸಾಪ್‌ನಲ್ಲಿ ಬರೆದದ್ದು ಪತ್ರವೇ ಅಲ್ಲ ಎಂದು ನೀವು ನನ್ನ ಹಾಸ್ಟೆಲ್ ದಿನಗಳಿಂದ ಹಟ ಹಿಡಿಯದಿದ್ದರೆ ಈ ಕಾನ್ವೆಂಟ್ ಹುಡುಗಿಗೆ ಕನ್ನಡದ ಒತ್ತಕ್ಷರಗಳೇ ಮರೆತುಹೋಗುತ್ತಿದ್ದವು. ತಪ್ಪು ಸಿಕ್ಕಲ್ಲೆಲ್ಲ ಕೆಂಪು ಇಂಕಿನಲ್ಲಿ ಗೆರೆ ಎಳೆಯಿರಿ. ರಿಟೈರ್ ಆದ ನಿಮ್ಮಂಥ ಕನ್ನಡ ಟೀಚರಿಗೂ ಸ್ವಲ್ಪ ಕೆಲಸ ಬೇಕಲ್ಲ!

ನಾನು ಎಷ್ಟು ಖುಷಿಯಾಗಿದ್ದೇನೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಗುರುಕಿರಣ ಬೆಳಿಗ್ಗೆ ಆಫೀಸಿಗೆ ಹೊರಟು ಲಿಫ್ಟ್‌ವರೆಗೆ ಹೋಗುತ್ತಾನೆ, ಏನೋ ಮರೆತವನ ಹಾಗೆ ವಾಪಸ್ ಬಂದು ಬಾಗಿಲು ತಟ್ಟುತ್ತಾನೆ. ಮರೆತದ್ದೇನೂ ಇಲ್ಲ, ಸುಮ್ಮನೆ ನನ್ನ ಮುಖ ನೋಡುವುದಕ್ಕೆ! ಇಲ್ಲೇ ಹುಟ್ಟಿದವನು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್. "ತಿಂಡಿಗೇನು ಮಾಡ್ಲಿ?" ಎಂದರೆ "ಸರ್‌ಪ್ರೈಸ್ ಮಿ" ಅನ್ನುತ್ತಾನೆ. ತಟ್ಟೆಯಲ್ಲಿ ಉಪ್ಪಿಟ್ಟು ನೋಡಿ "ಓಕೆ, ನಾಟ್ ದಟ್ ಸರ್‌ಪ್ರೈಸ್ಡ್" ಅನ್ನುತ್ತಾನೆ. ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಹೋಗುತ್ತೇನೆ. ಅತ್ತೆ ಮಾವ ಎರಡು ರಸ್ತೆಯಾಚೆ ಇದ್ದಾರೆ. ಇಷ್ಟು ವರ್ಷವಾದರೂ ಬಾಗಲಕೋಟೆಯ ಮಾತು ಅವರ ನಾಲಿಗೆ ಬಿಟ್ಟಿಲ್ಲ.

ಈಗ ನನ್ನ ಕೆಲಸದ ವಿಷಯ. ಪಸಡೀನಾದಲ್ಲಿ ಹೆಂಗಸರು ಕಟ್ಟಿಕೊಂಡ ಒಂದು ಹಳೆಯ ಸಂಗೀತ ಕ್ಲಬ್ ಇದೆ. ಮನೆ ಖಾಲಿ ಮಾಡುವವರು ಅಜ್ಜಿಯರ ಕಾಲದ ಶೀಟ್ ಮ್ಯೂಸಿಕ್ಕನ್ನು ಡಬ್ಬಗಟ್ಟಲೆ ಅಲ್ಲಿಗೆ ತಂದು ಕೊಡುತ್ತಾರೆ. ಅದನ್ನು ವಿಂಗಡಿಸಿ, ಧೂಳು ಒರೆಸಿ, ಜೋಡಿಸಿಡುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಕಲಿತ ಪಿಯಾನೋ ಇಲ್ಲಿ ಕೈಹಿಡಿಯಿತು. ರೇಡಿಯೋ ಮನೆಮನೆಗೆ ಬರುವ ಮುಂಚೆ ಇಲ್ಲಿಯ ಜನ ಹೊಸ ಹಾಡು ಬೇಕೆಂದರೆ ಅಂಗಡಿಯಿಂದ ಅದರ ಸ್ವರಲಿಪಿಯ ಹಾಳೆ ಕೊಂಡು ತಂದು ಮನೆಯ ಪಿಯಾನೋ ಮೇಲೆ ತಾವೇ ನುಡಿಸಿಕೊಳ್ಳುತ್ತಿದ್ದರಂತೆ. ನುಡಿಸುತ್ತಿದ್ದವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಹಾಗಾಗಿ ಮೊದಲ ಮಹಾಯುದ್ಧದ ಹಾಡುಗಳನ್ನು ನೋಡಿದರೆ ಅವು ಸೈನಿಕರಿಗಾಗಿ ಬರೆದವೇ ಅಲ್ಲ, ಅವರನ್ನು ಕಳಿಸಿಕೊಡುವವರಿಗಾಗಿ ಬರೆದವು! ಮುಖಪುಟಗಳಂತೂ ಎಷ್ಟು ಚೆನ್ನಾಗಿವೆ ಗೊತ್ತೆ? ಕಿಟಕಿಯಲ್ಲಿ ಬಿಳಿ ಕೂದಲಿನ ತಾಯಿ, ಬಂದರಿನಲ್ಲಿ ಕರ್ಚೀಫು ಬೀಸುವ ಹುಡುಗಿ, ದೂರದಲ್ಲಿ ಹೊಗೆ ಉಗುಳುವ ಹಡಗು. ಯುದ್ಧ ಜೋರಾದಂತೆ ಕಾಗದ ಉಳಿಸಲು ಹಾಳೆಗಳನ್ನೇ ಚಿಕ್ಕದು ಮಾಡಿದ್ದಾರೆ. ಹುಡುಗಿಯ ನಗು ಮಾತ್ರ ಚಿಕ್ಕದಾಗಿಲ್ಲ.

ಕ್ಲಬ್ಬನ್ನು ನೋಡಿಕೊಳ್ಳುವ ಲೋರೇನ್ ಎಂಬ ಹಿರಿಯರು ಒಂದು ದಿನ ಮೇಜಿನ ಮೇಲೆ ಹಾಳೆಗಳನ್ನು ವರ್ಷದ ಪ್ರಕಾರ ಹರಡಿದರು. ಅಮೆರಿಕ ಯುದ್ಧಕ್ಕೆ ಇಳಿಯುವ ಮುಂಚಿನ ಹಾಡುಗಳಲ್ಲಿ ತಾಯಿ ಮಗನನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ತಾಯಿ ಎದೆಯುಬ್ಬಿಸಿ ಕಳಿಸಿಕೊಡುತ್ತಾಳೆ. "ಅಷ್ಟು ಬೇಗ ತಾಯಂದಿರು ಹೇಗೆ ಬದಲಾದರು?" ಎಂದು ಕೇಳಿದೆ. "ತಾಯಂದಿರು ಎಲ್ಲಿ ಬದಲಾದರು, ಮಗೂ? ಅಂಗಡಿಯವರು ಕಿಟಕಿಯಲ್ಲಿ ಬೇರೆ ಹಾಡು ಇಟ್ಟರು, ಅಷ್ಟೇ," ಎಂದರು. ಒಂದು ಹಾಳೆಯ ಪಲ್ಲವಿಯ ಮೇಲೆ ಯಾರೋ ಟೀಚರ್ ಪೆನ್ಸಿಲಿನಲ್ಲಿ "ಇಲ್ಲಿ ನಗಬೇಕು" ಎಂದು ಬರೆದಿದ್ದಾರೆ. ಆ ಹಾಡಿನ ಹುಡುಗಿ ಹೇಳುತ್ತಾಳೆ: ಹಡಗಿನ ಸೀಟಿ ಕೂಗಿದಾಗ ನಾನು ನಗುತ್ತೇನೆ, ಅಳುವುದನ್ನು ಆಮೇಲಕ್ಕೆ ಎತ್ತಿಡುತ್ತೇನೆ. ರಾಗ ಎಷ್ಟು ಕುಣಿಸುತ್ತದೆಂದರೆ ಪಾತ್ರೆ ತೊಳೆಯುವಾಗಲೂ ನನ್ನ ಬಾಯಲ್ಲಿ ಅದೇ!

ವಿಚಿತ್ರ ಶುರುವಾದದ್ದೇ ಅಲ್ಲಿಂದ, ದೊಡ್ಡಮ್ಮ. ಹೋದ ಭಾನುವಾರ ಅತ್ತೆಯ ಮನೆಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸಿ, ಲಟ್ಟಣಿಗೆಯನ್ನೇ ಮೈಕ್ ಮಾಡಿಕೊಂಡು ಹಾಡಿದೆ. ನಗುತ್ತಾರೆ ಎಂದುಕೊಂಡಿದ್ದೆ. ಮಾವ ಎದ್ದು ಹಿತ್ತಲಿಗೆ ಹೋದರು. ಅತ್ತೆ ಹಿಟ್ಟಿನ ಕೈಯಲ್ಲೇ ನನ್ನನ್ನು ತಬ್ಬಿಕೊಂಡು, "ಎಂಥಾ ಗಟ್ಟಿ ಜೀವ ಅದಲೇ ನಿಂದು! ನನ್ನ ಕೈಲೆ ಆಗ್ತಿದ್ದಿಲ್ಲ ನೋಡು," ಎಂದರು. ಚಪಾತಿ ಲಟ್ಟಿಸುವುದಕ್ಕೆ ಇಷ್ಟು ಹೊಗಳಿಕೆಯೇ ಎಂದುಕೊಂಡೆ. ಆಮೇಲೆ ನೋಡಿದರೆ ಅವರು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಎಲ್ಲವನ್ನೂ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಗಾಳಿ ತೆಗೆದು ಸೀಲ್ ಮಾಡುತ್ತಿದ್ದಾರೆ. "ಇಷ್ಟೊಂದು ಯಾರಿಗೆ ಅತ್ತೆ?" ಎಂದೆ. "ಇರಲಿ ತಗಿ, ಬೇಕಾಗ್ತಾವ," ಎಂದರು. ಟೀವಿಯಲ್ಲಿ ಯಾವುದೋ ಸಮುದ್ರದ ನಕ್ಷೆ ಬಂದರೆ ಮಾವ ಚಾನೆಲ್ ಬದಲಿಸುತ್ತಾರೆ.

ಕಿರಣನಿಗೆ ತಿಂಗಳಿಗೊಂದು ವೀಕೆಂಡ್ ಸ್ಯಾನ್ ಡಿಯಾಗೋದಲ್ಲಿ ನೇವಿ ರಿಸರ್ವ್ ಡ್ರಿಲ್ ಇರುತ್ತದೆ. ನಮ್ಮ ಕಾಲೇಜಿನ ಎನ್‌ಸಿಸಿ ಇತ್ತಲ್ಲ, ಹಾಗೆ. ಆದರೆ ಈಚೆಗೆ ಅದು ತಿಂಗಳಿಗೊಂದರಲ್ಲಿ ನಿಲ್ಲುತ್ತಿಲ್ಲ. ನಿನ್ನೆ ನಾನೂ ಜೊತೆಗೆ ಹೋಗಿದ್ದೆ. ಸಂಜೆ ಕೊಲ್ಲಿಯ ದಂಡೆಯಲ್ಲಿ ಐಸ್‌ಕ್ರೀಂ ತಿನ್ನುತ್ತಾ ನಿಂತಿದ್ದೆವು. ಎದುರಿಗೆ ಬೂದುಬಣ್ಣದ ಹಡಗುಗಳ ಸಾಲು. ಅವನ ಎರಡೂ ತೋಳಿನ ಮೇಲೆ ಇಂಜೆಕ್ಷನ್ ಚುಚ್ಚಿದ ಗುರುತು. ಕೇಳಿದರೆ "ಜಸ್ಟ್ ಶಾಟ್ಸ್" ಎಂದ. ಆಮೇಲೆ ಇದ್ದಕ್ಕಿದ್ದಂತೆ, "ಆರ್ ಯು ಓಕೆ? ರಿಯಲಿ?" ಎಂದ.

"ನಂಗೇನಾಗಿದೆ ಮಾರಾಯ? ಐಸ್‌ಕ್ರೀಂ ಇದೆ, ನೀನಿದೀಯ."

ಅವನ ಕಣ್ಣು ತುಂಬಿತು. "ಯು ಆರ್ ಅನ್‌ಬಿಲೀವಬಲ್," ಎಂದು ನನ್ನ ಹಣೆಗೆ ಮುತ್ತಿಟ್ಟ. ನಾನೂ ಖುಷಿಯಲ್ಲಿ ಕರಗಿಹೋದೆ. ಆದರೆ ಐಸ್‌ಕ್ರೀಂಗೆ ಯಾರಾದರೂ ಅಳುತ್ತಾರೆಯೇ?

ಇನ್ನೊಂದು. ಆಷಾಢಕ್ಕೆ ನಾನು ತವರಿಗೆ ಹೋಗಬೇಕಂತೆ! ಲಾಸ್ ಏಂಜಲೀಸಿನಲ್ಲಿ ಆಷಾಢವೇ ಎಂದು ನಕ್ಕೆ. ಅತ್ತೆ ನಗಲಿಲ್ಲ. "ಆ ಟೈಮಿಗಿ ನೀ ನಿಮ್ಮವ್ವನ ಹಂತ್ಯಾಕ ಇದ್ರ ಛಲೋ. ಅವರ ಕೂಡ ಎಲ್ಲಾ ಮಾತಾಡೇನಿ," ಎಂದರು. ಟಿಕೆಟ್ಟೂ ಆಗಿಹೋಗಿದೆ. ಪೂಜೆಗೆ ಹೂವನ್ನೂ ಇಡದ ಮನೆಯವರಿಗೆ ಆಷಾಢ ಮಾತ್ರ ಯಾಕೆ ಬೇಕಾಯಿತು? ನಾನೇನಾದರೂ ಅವರಿಗೆ ಬೇಡವಾದೆನೇ? ಎಲ್ಲರಿಗೂ ಗೊತ್ತಿರುವುದೇನೋ ನನಗೊಬ್ಬಳಿಗೆ ಗೊತ್ತಿಲ್ಲ ಅನ್ನಿಸುತ್ತದೆ. ಹಾಗೆಂದು ಬಾಯಿಬಿಟ್ಟು ಕೇಳಲು ಭಯ. ಅವನನ್ನು ಬಿಟ್ಟು ಒಂದು ತಿಂಗಳು ನಾನಿರಲಾರೆ, ದೊಡ್ಡಮ್ಮ. ಹುಚ್ಚು ಹುಡುಗಿ ಎಂದು ನಗುತ್ತಿದ್ದೀರಿ ತಾನೆ? ನಗಿ. ನೀವು ನಕ್ಕರೆ ನನಗೆ ಧೈರ್ಯ.

ನಿಮ್ಮ
ಸಿಂಧೂರ


ವುಡ್‌ಲ್ಯಾಂಡ್ ಹಿಲ್ಸ್
೨೩ ಜೂನ್ ೨೦೨೫

ಪ್ರೀತಿಯ ದೊಡ್ಡಮ್ಮನಿಗೆ ನಮಸ್ಕಾರಗಳು.

ನಿಮ್ಮ ಉತ್ತರ ಬಂದು ವಾರವಾದರೂ ಬರೆಯಲಾಗಲಿಲ್ಲ, ಕ್ಷಮಿಸಿ. ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ಆಷಾಢ ಬಂದಿರುತ್ತದೆ. ನಾನು ಬಂದಿರುವುದಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದೇನೆ.

ನಿನ್ನೆ ಪಸಡೀನಾದ ಕ್ಲಬ್ಬಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮವಿತ್ತು. ಆ ಹಳೆಯ ಹಾಡುಗಳನ್ನು ಪಿಯಾನೋದಲ್ಲಿ ನುಡಿಸಲು ಲೋರೇನ್ ನನ್ನನ್ನೇ ಕೇಳಿಕೊಂಡಿದ್ದರು. ಮದುವೆಯ ರೇಷ್ಮೆ ಸೀರೆ ಉಟ್ಟು, ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ತಂದ ಮಲ್ಲಿಗೆ ಮುಡಿದು, ಕಾನ್ವೆಂಟಿನ ಆ್ಯನುಯಲ್ ಡೇ ಹುಡುಗಿಯ ಹಾಗೆ ಕುಣಿಯುತ್ತಾ ಹೋದೆ. ಮೊದಲ ಸಾಲಿನಲ್ಲಿ ಅತ್ತೆ, ಮಾವ, ಕಿರಣ. ಒಳಗೆ ಬರುವಾಗ ಮಾವ ಬಾಗಿಲ ಬಳಿ ಲೋರೇನ್ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ನನ್ನನ್ನು ಹೊಗಳುತ್ತಿರಬೇಕು ಎಂದುಕೊಂಡೆ. ಹೊಗಳುತ್ತಲೇ ಇದ್ದರು.

ನಾನು ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡೆ. ಲೋರೇನ್ ಮೈಕ್ ಹಿಡಿದರು. "ಈ ಹಾಡನ್ನು ನುಡಿಸುತ್ತಿದ್ದ ಹುಡುಗಿಯರೆಲ್ಲ ಹೋಗಿ ಎಷ್ಟೋ ಕಾಲವಾಯಿತು ಎಂದುಕೊಂಡಿದ್ದೆ. ಇಲ್ಲ, ಒಬ್ಬಳು ಇಲ್ಲೇ ಕುಳಿತಿದ್ದಾಳೆ. ನಮ್ಮ ಸಿಂಧೂರಳ ಗಂಡ ಜುಲೈ ಮೊದಲ ವಾರ ಸ್ಯಾನ್ ಡಿಯಾಗೋದಲ್ಲಿ ಹಡಗು ಹತ್ತುತ್ತಿದ್ದಾನೆ. ಆದರೂ ಇವಳು ಇವತ್ತು ನಮಗಾಗಿ ನುಡಿಸಲು ಒಪ್ಪಿದ್ದಾಳೆ."

ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಮೊದಲು ಅಂದುಕೊಂಡದ್ದು ಇಷ್ಟೇ: ಪಾಪ, ಲೋರೇನ್ ಬೇರೆ ಯಾರದೋ ವಿಷಯವನ್ನು ನನ್ನದೆಂದು ಹೇಳಿಬಿಟ್ಟರು. ತಿದ್ದೋಣ ಎಂದು ಕಿರಣನ ಕಡೆ ತಿರುಗಿದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು ನನಗೆ ತಲೆ ಬಾಗಿಸುತ್ತಿದ್ದ. ಒಬ್ಬ ಮುದುಕರು ಕೋಲೂರಿಕೊಂಡು ಹೋಗಿ ಅವನಿಗೆ ಸೆಲ್ಯೂಟ್ ಮಾಡಿದರು. ಅತ್ತೆಯ ಬಾಯಿಗೆ ಸೆರಗು ಅಡ್ಡ ಬಂದಿತ್ತು.

ನಾನು ನುಡಿಸಿದೆ, ದೊಡ್ಡಮ್ಮ. ಎದ್ದು ಹೋಗಲಿಲ್ಲ, ಏನೆಂದು ಕೇಳಲಿಲ್ಲ. ಪಲ್ಲವಿ ಬಂದಾಗ ಎಲ್ಲರೂ ನನ್ನ ಮುಖ ನೋಡುತ್ತಾ ಹಾಡಿದರು, ನಾನು ನಕ್ಕೆ ಕೂಡ. ಇಷ್ಟು ದಿನ ಆ ಹಾಳೆಗಳನ್ನು ಚೆಂದದ ಹಳೆಯ ವಸ್ತು ಎಂದು ಒರೆಸಿ ಒರೆಸಿ ಇಡುತ್ತಿದ್ದೆ. ಅವುಗಳ ಕೆಲಸ ಏನೆಂದು ಆಗ ತಿಳಿಯಿತು. ಪ್ರಶ್ನೆ ಕೇಳಬೇಕಾದವಳ ಎರಡು ಕೈಗೂ ಕೆಲಸ ಕೊಟ್ಟುಬಿಡುವುದು. ಹಾಡು ಮುಗಿಯುವ ಹೊತ್ತಿಗೆ ಕೇಳುವ ಸಮಯ ದಾಟಿರುತ್ತದೆ, ಮೇಲಾಗಿ ಅವಳು ನಕ್ಕಿದ್ದನ್ನು ಊರೆಲ್ಲ ನೋಡಿರುತ್ತದೆ.

ಕಾರು ಫ್ರೀವೇ ಹತ್ತಿತು. ಆಮೇಲೆ ನಾನೇ ಕೇಳಿದೆ, "ಯಾವ ಹಡಗು?"

ಕಿರಣ ನಕ್ಕ. ನನ್ನ ಮುಖ ನೋಡಿದ ಮೇಲೆ ನಗು ನಿಂತಿತು. "ವಾಟ್ ಡು ಯು ಮೀನ್? ಯು ನ್ಯೂ. ಸಿಂಧೂ, ಯು ನ್ಯೂ, ರೈಟ್?"

"ಯಾವ ಹಡಗು, ಕಿರಣ್?"

ಅವನು ಕಾರನ್ನು ಮುಂದಿನ ಎಕ್ಸಿಟ್‌ನಲ್ಲಿ ಇಳಿಸಿ ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದ. ಹಿಂದಿನ ಸೀಟಿನಿಂದ ಅತ್ತೆ, "ಅಯ್ಯ ಶಿವನೇ, ಇಕಿಗಿ ಗೊತ್ತೇ ಇಲ್ಲೇನೋ! ಹಂಗಾರ ಆ ಹಾಡು ಯಾಕ ಹಾಡ್ತಿದ್ದಿ ನಮ್ಮವ್ವಾ, ದಿನಾ?" ಎಂದರು. ಮಾವ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ನಾನು ಎನ್‌ಸಿಸಿ ಎಂದುಕೊಂಡಿದ್ದ ಆ ರಿಸರ್ವ್‌ನಿಂದ ಅವನಿಗೆ ಯುದ್ಧದ ಹಡಗಿಗೆ ಬರಬೇಕೆಂಬ ಆದೇಶ ಬಂದದ್ದು ಮದುವೆಗೂ ಮುಂಚೆ. ಒಂದು ವರ್ಷ, ಹೆಚ್ಚೂ ಆಗಬಹುದು. ಎಲ್ಲಿಗೆ ಎಂದು ಹೇಳುವ ಹಾಗಿಲ್ಲವಂತೆ. ಈ ಮನೆಯಲ್ಲಿ ಯಾರೂ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ನನಗೆ ಗೊತ್ತಿದೆ ಎಂದೇ ಎಲ್ಲರೂ ನಂಬಿದ್ದರು. ನಾನು ಹಾಡಿಕೊಂಡು ತಿರುಗುತ್ತಿದ್ದದ್ದು ಧೈರ್ಯಕ್ಕೆ, ಅವನಿಗೆ ನೋವಾಗದಿರಲಿ ಎಂಬ ಪ್ರೀತಿಗೆ ಎಂದುಕೊಂಡಿದ್ದರು. "ಐ ಕೆಪ್ಟ್ ಥಿಂಕಿಂಗ್, ಹೌ ಈಸ್ ಶಿ ಸೋ ಬ್ರೇವ್," ಎಂದು ಅವನು ಅತ್ತ. ಆಮೇಲೆ ಮೊದಲ ಸಲ ಪೂರ್ತಿ ಕನ್ನಡದಲ್ಲಿ, "ನಾನೇ ಹೇಳಬೇಕಿತ್ತು," ಎಂದ. ಹೌದು, ಅವನೇ ಹೇಳಬೇಕಿತ್ತು. ಹಿರಿಯರು ಹಿರಿಯರಿಗೆ ಹೇಳಿದರೆ ಸಾಕು ಎಂಬುದನ್ನು ಅವನಿಗೆ ಯಾರು ಕಲಿಸಿದರು? ನಾವೇ ತಾನೆ.

ಅತ್ತೆ ಇವತ್ತು ಬೆಳಿಗ್ಗೆ ಮತ್ತೆ ಬಂದು ನನ್ನ ತಲೆ ಸವರಿದರು. "ತವರಿಗಿ ಹೋಗವ್ವಾ. ಹಡಗಾ ಹೋಗೂದು ಹೊಸಾ ಸೊಸಿ ನೋಡಬಾರದು. ನಾ ನೋಡ್ತೀನಿ, ನನಗ ವಯಸ್ಸಾಗೇದ."

"ನಾನೂ ಬರ್ತೀನಿ ಅತ್ತೆ. ಪಕ್ಕದಲ್ಲೇ ನಿಂತ್ಕೋತೀನಿ. ಆದ್ರೆ ನಗು ಅಂತ ಮಾತ್ರ ಹೇಳ್ಬೇಡಿ."

ಒಲೆಯ ಮೇಲಿಟ್ಟ ಹಾಲು ಉಕ್ಕುವುದನ್ನು ಇಬ್ಬರೂ ನೋಡುತ್ತಾ ನಿಂತೆವು.

ನನ್ನ ಮೇಲೆ ಸಿಟ್ಟಾಗಬೇಡಿ, ದೊಡ್ಡಮ್ಮ. ಕಿರಣ ಕೆಟ್ಟವನಲ್ಲ. ಈಗಲೂ ಲಿಫ್ಟ್‌ವರೆಗೆ ಹೋಗಿ ವಾಪಸ್ ಬರುತ್ತಾನೆ. ಬಾಗಿಲು ತೆಗೆಯುವ ಮುಂಚೆ ನಾನು ಮಾತ್ರ ಸ್ವಲ್ಪ ಹೊತ್ತು ಅದರ ಹಿಂದೆ ನಿಂತಿರುತ್ತೇನೆ. ಅವನ ಹೆಸರಿನಲ್ಲಿ ದಿನವೂ ಒಂದು ದೀಪ ಹಚ್ಚಿ. ಅವನು ಹೋದ ಹಾಗೆಯೇ ಬರಲಿ ಎಂದು ಹರಸಿ. ನಿಮ್ಮ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನಿಮ್ಮ ಕೈ ನನ್ನ ತಲೆಯ ಮೇಲಿದೆ ಎಂದುಕೊಂಡು ಮುಗಿಸುತ್ತೇನೆ.

ನಿಮ್ಮ
ಸಿಂಧೂರ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಡಿಸೆಂಬರಿನಲ್ಲಿ ಅತ್ತೆ ಮಾವ ನಮ್ಮ ಮನೆಗೆ ಮಾತುಕತೆಗೆ ಬಂದಾಗ, ಎಲೆ ಅಡಿಕೆ ಮುಟ್ಟುವ ಮುಂಚೆಯೇ, ಹಾಲ್‌ನಲ್ಲಿ ಕೂತು ಹಡಗಿನ ವಿಷಯವನ್ನು ಅಮ್ಮನಿಗೆ ಬಿಡಿಸಿ ಹೇಳಿದ್ದರಂತೆ. "ಹುಡುಗಿಗೆ ನಾನೇ ಹೇಳ್ತೀನಿ, ನೀವು ಯೋಚನೆ ಮಾಡ್ಬೇಡಿ," ಎಂದು ಅಮ್ಮ ಅಂದರಂತೆ. ರಾತ್ರಿ ಫೋನ್ ಮಾಡಿ ಕೇಳಿದೆ. "ಹೇಳಿದ್ರೆ ನೀನು ಒಪ್ತಿರ್ಲಿಲ್ಲ. ಇಂಥ ಮನೆ ಮತ್ತೆ ಸಿಗ್ತಿತ್ತಾ?" ಎಂದರು. ಒಪ್ಪುತ್ತಿದ್ದೆ ಎಂದು ಕಿರಣನಿಗೆ ಹೇಳಿದ್ದೇನೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆ ಮಧ್ಯಾಹ್ನ ನೀವೂ ನಮ್ಮ ಮನೆಯಲ್ಲೇ ಇದ್ದಿರಿ, ದೊಡ್ಡಮ್ಮ. ಅಡುಗೆಮನೆಯಲ್ಲಿದ್ದಿರೋ, ಹಾಲ್‌ನಲ್ಲಿದ್ದಿರೋ? ಅಡುಗೆಮನೆಯಲ್ಲಿದ್ದೆ ಎಂದು ಒಂದೇ ಒಂದು ಸಾಲು ಬರೆಯಿರಿ. ನಾನು ನಂಬುತ್ತೇನೆ.