ಜಗುಲಿ ದೀಪದ ಕೊನೆಯ ಪದ

ಮೆಂಫಿಸ್
ಅಕ್ಟೋಬರ್ ೧೪

ಪ್ರೀತಿಯ ಟ್ರೆಮೆಲ್ ಅಣ್ಣ,

ಹೇಗಿದ್ದೀಯ? ಉತ್ತರ ತಡವಾಯಿತು, ಬೈಯಬೇಡ. ಜೈಲಿಗೆ ಮೆಸೇಜ್ ಕಳಿಸುವ ಹಾಗಿಲ್ಲ, ನನಗೋ ಪೆನ್ನು ಹಿಡಿದರೆ ಕೈ ನೋವು. ಫೋನಿನಲ್ಲಿ ಹೆಬ್ಬೆರಳಲ್ಲೇ ಬರೆದು ಬೆಳೆದವಳು ನಾನು. ಅಮ್ಮ ಆರಾಮಾಗಿದ್ದಾಳೆ. ಭಾನುವಾರ ಚರ್ಚಿನಿಂದ ಬಂದು ಕ್ಯಾಟ್‌ಫಿಶ್ ಹುರಿದು, ಸ್ಪಗೆಟ್ಟಿ ಮಾಡಿ, "ಅವನ ಪಾಲೂ ನೀನೇ ತಿನ್ನು" ಅಂದಳು. ತಿಂದೆ.

ದೊಡ್ಡ ಸುದ್ದಿ ಏನೆಂದರೆ ಪೋರ್ಚ್‌ಲೈಟ್ ಊರಿಗೆ ಬಂದಿದ್ದ! ನಿನ್ನ ಜೊತೆ ಸ್ಕೇಟಿಂಗ್ ರಿಂಕಿನಲ್ಲಿ ರ‍್ಯಾಪ್ ಮಾಡುತ್ತಿದ್ದ ಅದೇ ಎಜೆಲ್, ಜಗುಲಿ ದೀಪ ಅಂತ ಇಂಗ್ಲಿಷಿನಲ್ಲಿ ಹೆಸರಿಟ್ಟುಕೊಂಡು ಹಾಡುವವನು. ನಾಲ್ಕು ಆಲ್ಬಂ ಆಯಿತು, ಈಗ ಎರಡನೇ ಕಾದಂಬರಿ. ನಮ್ಮ ಅಭಿಮಾನಿಗಳ ಗುಂಪಿನಲ್ಲಿ ವಾರವಿಡೀ ಯುದ್ಧ. "ಕನ್ನಡಕ ಹಾಕ್ಕೊಂಡು ಮೇಷ್ಟ್ರಾಗ್ಬಿಟ್ಟ" ಅಂತ ಒಬ್ಬ. "ಪುಸ್ತಕ ಯಾರಿಗೆ ಬೇಕು, ಆಲ್ಬಂ ಎಲ್ಲಿ?" ಅಂತ ಇನ್ನೊಬ್ಬ. ನಾನು ಬರೆದೆ: "ಲೇ, ಹಾಡಲ್ಲಿ ಅವನಿಗೆ ಉಸಿರಾಡೋಕೂ ಜಾಗ ಇರ್ಲಿಲ್ಲ. ಉಳ್ದಿದ್ದು ಪುಸ್ತಕದಲ್ಲಿದೆ. ಓದಿ ಆಮೇಲೆ ಬಾಯಿ ಬಿಡು." ನೋಡುತ್ತಿರು, ಮೂರನೆಯ ಪುಸ್ತಕವನ್ನು ಶಾಲೆಯಲ್ಲಿ ಪಾಠ ಮಾಡುತ್ತಾರೆ.

ಶನಿವಾರ ಲೈಬ್ರರಿಯಲ್ಲಿ ಅವನ ಓದು. ನಾನು ಹೋದದ್ದು ಸಹಿಗಲ್ಲ. "ಅವ್ನು ನನ್ನ ಮರ್ತೇಬಿಟ್ಟ" ಅಂತ ನೀನು ಅನ್ನುತ್ತೀಯಲ್ಲ, ಅದು ನಿಜವಾ ಅಂತ ತಿಳಿಯಬೇಕಿತ್ತು.

ಹೊಸ ಕಾದಂಬರಿಯ ಮೊದಲ ಸಾಲು ಓದಿದ: "ಬೀದಿ ದೀಪ ಸತ್ತ ಮೇಲೂ ಅಮ್ಮನ ಜಗುಲಿ ದೀಪ..." ಅಷ್ಟಕ್ಕೇ ನಿಲ್ಲಿಸಿದ. ಶೋನಲ್ಲಿ ಹಾಗೆ ಕೊನೆಯ ಪದ ಬಿಟ್ಟರೆ ಜನ ಕೂಗಿ ತುಂಬಬೇಕು, ಅದೇ ಅಭ್ಯಾಸ ಅವನಿಗೆ. ಲೈಬ್ರರಿಯವರಿಗೆ ಅದೆಲ್ಲ ಎಲ್ಲಿ ಗೊತ್ತು? ಪಾಪ, ಗಂಟಲು ಕಟ್ಟಿತು ಅಂದುಕೊಂಡು ಒಬ್ಬಾಕೆ ನೀರು ತಂದಳು. ನಾನು ಎದ್ದು ನಿಂತು ಕಿರುಚಿದೆ: "ಕಾಯ್ತಿತ್ತು!"

ಪಕ್ಕದ ಅಜ್ಜಿ ನನ್ನ ತೋಳು ಜಗ್ಗಿ ತನ್ನ ಪುಸ್ತಕ ತೋರಿಸಿದಳು. "ಅದಲ್ಲಮ್ಮ, 'ಉರಿಯುತ್ತಿತ್ತು' ಅಂತಿದೆ ನೋಡು."

ಎಜೆಲ್ ಕನ್ನಡಕ ತೆಗೆದ. "ಆ ಪದ ಯಾರು ಹೇಳ್ಕೊಟ್ರು ನಿಂಗೆ?"

"ನಮ್ಮಣ್ಣ. ಟ್ರೆಮೆಲ್."

"ರಿಂಕಲ್ಲಿ ಬಿದ್ದೂ ಬಿದ್ದೂ ಅಳ್ತಿದ್ಲಲ್ಲ ಚೋಟು, ಅವಳಾ ನೀನು?" ಆಮೇಲೆ ಇಡೀ ಸಭೆಗೆ ಹೇಳಿದ: "ಈ ಸಾಲು ಇವಳಣ್ಣಂದು. ನಂದು ಅಂತ ಕಾಣ್ಲಿ ಅಂತ ಕೊನೇ ಪದ ಬದಲಾಯಿಸ್ದೆ. ಅವನ ಪದಾನೇ ಸರಿ. ಮುಂದಿನ ಮುದ್ರಣದಲ್ಲಿ ಅದೂ ಇರುತ್ತೆ, ಅವನ ಹೆಸರೂ ಇರುತ್ತೆ."

ನಾನು ಅಳಲಿಲ್ಲ. ಸ್ವಲ್ಪ ಅತ್ತೆ.

ಅವನು ಸಹಿ ಹಾಕಿದ ಪುಸ್ತಕ ನನ್ನ ಹತ್ತಿರವೇ ಇರಲಿ. ಒಳಗೆ ಏನಾದರೂ ಗೀಚಿದ ಪುಸ್ತಕವನ್ನು ನಿಮ್ಮ ಜೈಲಿನೊಳಗೆ ಬಿಡುವುದಿಲ್ಲ, ಗಟ್ಟಿ ರಟ್ಟಿನದನ್ನೂ ಬಿಡುವುದಿಲ್ಲ. ತೆಳು ರಟ್ಟಿನದೊಂದು ಅಂಗಡಿಯಿಂದಲೇ ನೇರ ನಿನಗೆ ಬರುತ್ತದೆ. ಮೊದಲ ಪುಟದಲ್ಲಿ ನಿನ್ನ ಪದ ನೀನೇ ತಿದ್ದಿಕೋ.

ಹೊಟ್ಟೆ ತುಂಬ ತಿನ್ನು, ಯಾರ ಜಗಳಕ್ಕೂ ಹೋಗಬೇಡ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಚೋಟು,
ಜಕಿಯಾ

ಮರೆತು ಉಳಿದದ್ದಲ್ಲ ಇದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಜನ ಹೋದ ಮೇಲೆ ಎಜೆಲ್ ನನ್ನನ್ನು ಪಕ್ಕಕ್ಕೆ ಕರೆದ. "ಅವನ್ನ ನೋಡೋಕೆ ಎರಡ್ಸಲ ಜೈಲಿಗೆ ಹೋಗಿದ್ದೆ ಚೋಟು. ಭೇಟಿಗೆ ಬರೋರ ಹೆಸರು ಒಳಗಿರೋನೇ ಮೊದ್ಲು ಕೊಟ್ರೆ ಮಾತ್ರ ಬಿಡೋದು ಅಂದ್ರು. ಅವ್ನು ಕೊಡ್ಲಿಲ್ಲ. ಅಷ್ಟು ಕೋಪಾನಾ ನನ್ಮೇಲೆ?" ನೀನು ಅಮ್ಮನಿಗೆ ಫೋನಿನಲ್ಲಿ "ಒಬ್ಬನೂ ಬಂದಿಲ್ಲ" ಅಂದೆ. ಅವತ್ತಿಂದ ಅವಳು ಮನೆಯಲ್ಲಿ ಅವನ ಹಾಡು ಹಾಕಲು ಬಿಡುವುದಿಲ್ಲ, ನಾನು ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತೇನೆ. ಕೋಪ ಇರಲಿ ಅಣ್ಣ, ಸಾಲು ನಿನ್ನದು. ಆದರೆ ಯಾರೂ ಬರಲಿಲ್ಲ ಅನ್ನಬೇಡ. ಅಮ್ಮನಿಗೆ ನಾನು ಹೇಳಿಲ್ಲ, ನೀನೇ ಹೇಳು. ಗೇಟಿನವರಿಗೆ ಕೊಡಬೇಕಾದ ಹೆಸರು ಎಜೆಲ್ ಟೇಟ್. ಪೋರ್ಚ್‌ಲೈಟ್ ಅಂದರೆ ಅವರು ಬಿಡುವುದಿಲ್ಲ.